ಊಟದ ಮೇಜಿನಲ್ಲಿ ಪಾಸಾದ ಎಂಜಿನ್

ಆ ಮನೆಯಲ್ಲಿ ಊಟದ ಮೇಜಿಗೆ ಬಾರದೆ ಯಾವ ತೀರ್ಮಾನವೂ ಆಗುತ್ತಿರಲಿಲ್ಲ. ಇದು ಆ ಮನೆಯ ಸೊಸೆಯ ಮಾವನವರು ಹಾಕಿಕೊಟ್ಟ ಪದ್ಧತಿ. ಅವರು ಮೂವತ್ತೆಂಟು ವರ್ಷ ಬಸ್ ಡಿಪೋದ ಎಂಜಿನ್ ವಿಭಾಗದಲ್ಲಿ ದುಡಿದವರು, ಅದರಲ್ಲಿ ಹನ್ನೆರಡು ವರ್ಷ ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿದ್ದವರು. ನಿವೃತ್ತಿಯಾಗಿ ಹದಿನೆಂಟು ವರ್ಷವಾದರೂ ಕಾರ್ಯದರ್ಶಿತನ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಊಟಕ್ಕೆ ಕೂತಾಗ ಯಾರಾದರೂ ಒಂದು ವಿಷಯ ಎತ್ತಬೇಕು. ಯಾರೂ ಬೇಡವೆನ್ನದಿದ್ದರೆ ಮಾವನವರು ಬೆರಳ ಗೆಣ್ಣಿನಿಂದ ಮೇಜನ್ನು ಒಮ್ಮೆ ಕುಟ್ಟಿ 'ಪಾಸ್' ಎನ್ನುವರು. ಕೈ ತೊಳೆದು ಬಂದು ನಡಾವಳಿ ಪುಸ್ತಕದಲ್ಲಿ ಬರೆದಿಡುವರು. ಬರೆದ ಮೇಲೆ ಯಾರು ತಲೆ ಕೆಳಗಾಗಿ ನಿಂತರೂ ಅದು ಬದಲಾಗುವಂತಿಲ್ಲ.

ಇಂಥ ಮನೆಯಲ್ಲಿ ಬಾಳುವವರಿಗೆ ಒಂದು ಬಗೆಯ ಜಾಣತನ ತಾನಾಗಿಯೇ ಬರುತ್ತದೆ. ಯಾರ ಬಾಯಿ ಯಾವಾಗ ತುಂಬಿರುತ್ತದೆ, ಬೇಡ ಅನ್ನುವವರು ಯಾವಾಗ ಎದ್ದು ಒಳಗೆ ಹೋಗುತ್ತಾರೆ ಎಂದು ಎಲ್ಲರೂ ಹೊಂಚು ಹಾಕುತ್ತಿದ್ದರು. ಮೊಮ್ಮಗಳು ಪುಟ್ಟಿ ತನ್ನ ಸ್ಕೂಟರ್ ಪಾಸು ಮಾಡಿಸಿಕೊಂಡದ್ದು ತಾತ ಬಿಸಿ ಆಲೂಗಡ್ಡೆ ಬಾಯಿಗಿಟ್ಟು ಕಣ್ಣಲ್ಲಿ ನೀರು ಹಾಕುತ್ತಿದ್ದಾಗ. ಅವಳಪ್ಪ ಒಂದು ಕೆಂಪು ಕಾರನ್ನು ಪಾಸು ಮಾಡಿಸಿಕೊಂಡದ್ದು ಹೆಂಡತಿ ಉಪ್ಪು ತರಲು ಅಡುಗೆಮನೆಗೆ ಹೋಗಿದ್ದಾಗ. ಅವಳು ಉಪ್ಪಿನೊಂದಿಗೆ ವಾಪಸು ಬರುವಷ್ಟರಲ್ಲಿ ಮನೆಗೊಂದು ಕಾರು ಬಂದಾಗಿತ್ತು.

ಕಾರು ಎಂದರೆ ನಾಲ್ಕು ಜನ ಕೂತು ಹೋಗುವ ಕಾರಲ್ಲ. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ, ಮೂವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರು. ಪುಟ್ಟಿಯ ಅಪ್ಪನಿಗೆ ಮಾರುಕಟ್ಟೆ ಬೀದಿಯಲ್ಲಿ ಕನ್ನಡಕದ ಅಂಗಡಿಯಿತ್ತು. ಐವತ್ತು ತುಂಬಿದ ತಿಂಗಳಲ್ಲೇ ಗಿರಾಕಿಯೊಬ್ಬರು ಆ ಕಾರಿನ ಫೋಟೋ ತೋರಿಸಿದ್ದರು. ಊರಿನವರಿಗೆಲ್ಲ ಕಣ್ಣು ಪರೀಕ್ಷೆ ಮಾಡುವ ಮನುಷ್ಯ ತನ್ನ ಕಣ್ಣಿಗೆ ಬಿದ್ದದ್ದನ್ನು ಮಾತ್ರ ಹಿಂದುಮುಂದು ನೋಡದೆ ಕೊಂಡುಬಿಟ್ಟ.

ಅವನ ಹೆಂಡತಿಯನ್ನು ಇಡೀ ಬೀದಿ ಕರೆಯುತ್ತಿದ್ದದ್ದು ಟೇಲರಮ್ಮ ಎಂದು. ಮಲಗುವ ಕೋಣೆಯ ಕಿಟಕಿ ಪಕ್ಕ ಹೊಲಿಗೆ ಮಷೀನು ಇಟ್ಟುಕೊಂಡು ಇಪ್ಪತ್ತೆರಡು ವರ್ಷದಿಂದ ದಿಂಬಿನ ಚೀಲ, ಕುರ್ಚಿಯ ಗವಸು, ಕಿಟಕಿಯ ಪರದೆ ಹೊಲಿಯುತ್ತಿದ್ದಳು. ಕಾರಿನ ಮೇಲೆ ಅವಳಿಗೆ ಇದ್ದ ದೂರು ಒಂದೇ. ಬೆಳಿಗ್ಗೆ ಆರೂವರೆಗೆ ಗಂಡ ಶೆಡ್ಡಿನಲ್ಲಿ ಕಾರು ಸ್ಟಾರ್ಟ್ ಮಾಡುವುದಕ್ಕೂ ಅವಳು ಹಿಂದಿನ ಮೆಟ್ಟಿಲ ಮೇಲೆ ನಿಂತು ಬಟ್ಟೆ ಹರವುವುದಕ್ಕೂ ಸರಿಹೋಗುತ್ತಿತ್ತು. ಕಾರು ಬುಸ್ಸೆಂದು ನೀಲಿ ಹೊಗೆ ಉಗುಳಿ ಒಗೆದ ಬಟ್ಟೆಗೆಲ್ಲ ಎಣ್ಣೆ ವಾಸನೆ ಹತ್ತಿಸುತ್ತಿತ್ತು.

"ರೀ, ಸ್ಟಾರ್ಟ್ ಮಾಡಿದ ತಕ್ಷಣ ನೋಡಿ, ಎಷ್ಟು ಹೊಗೆ. ಆಮೇಲೆ ಸುಮ್ಮನಾಗುತ್ತೆ. ಏನದು ಅಂತ ಒಂದ್ಸಲ ಹಿಂದೆ ಬಂದು ನೋಡಿ," ಎಂದು ಅವಳು ಎಂಟು ತಿಂಗಳಿಂದ ಹೇಳುತ್ತಿದ್ದಳು.

"ಬಟ್ಟೆ ಆ ಕಡೆ ಹಾಕೋದಕ್ಕಾಗಲ್ವಾ," ಎನ್ನುತ್ತಿದ್ದ ಅವನು.

ಅವಳು ಕಂಡದ್ದನ್ನು ಹೇಳುತ್ತಿದ್ದಳು, ಮನೆಯವರು ಅದನ್ನು ಗೊಣಗಾಟ ಎಂದುಕೊಂಡು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಎಂಟು ತಿಂಗಳು ಹೀಗೇ ನಡೆಯಿತು.

ಒಂದು ಶನಿವಾರ ಕಾರು ತಿಂಗಳಿಗೆ ಎರಡು ಡಬ್ಬ ಆಯಿಲ್ ಕುಡಿಯುತ್ತಿದೆ ಎಂಬ ಸುದ್ದಿ ಊಟದ ಮೇಜಿಗೆ ಬಂತು.

"ಪಿಸ್ಟನ್ನಿನ ರಿಂಗ್ ಸವೆದು ಹೋಗಿದೆ," ಅಂದರು ಮಾವನವರು, ಸೂಪಿನಿಂದ ತಲೆ ಎತ್ತದೆ. "ಬಿಚ್ಚಿ ನಾಲ್ಕು ರಿಂಗ್ ಸೆಟ್ ಹಾಕಿದ್ರೆ ಮುಗೀತು. ಡಿಪೋದಲ್ಲಿ ಇಂಥವು ನೂರಾರು ಮಾಡಿದೀನಿ."

"ಅಪ್ಪ, ಇದು ಬಸ್ಸಲ್ಲ," ಅಂದ ಮಗ. "ಮೂವತ್ತು ವರ್ಷದ ಎಂಜಿನ್. ಮಾಡಿಸೋದಾದ್ರೆ ಪೂರ್ತಿ ಮಾಡಿಸಬೇಕು. ಸಿಲಿಂಡರ್ ಕೊರೆಸಿ ಬೋರ್ ಹೊಡೆಸಿ, ಹೊಸ ಪಿಸ್ಟನ್ ಹಾಕಿ, ಕ್ರ್ಯಾಂಕ್ ಸಾಣೆ ಹಿಡಿಸಿ, ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಹಾಗೆ."

"ಅಷ್ಟು ಖರ್ಚಿಗೆ ಬೇರೆ ಎಂಜಿನ್ನೇ ಬರುತ್ತೆ ಅಪ್ಪ," ಅಂದಳು ಪುಟ್ಟಿ. ಅವಳು ವಾಹನ ವಿಮೆಯ ಕಚೇರಿಯಲ್ಲಿ ಅಪಘಾತದ ಫೈಲುಗಳನ್ನು ನೋಡುವವಳು. ಲೋಕದಲ್ಲಿ ಜಜ್ಜಿಹೋದ ಕಾರುಗಳೆಲ್ಲ ಅವಳ ಪರಿಚಯದವೇ. "ಗುಜರಿ ಯಾರ್ಡಲ್ಲಿ ಎಷ್ಟು ಬೇಕು. ಮುಂದೆ ಜಜ್ಜಿಲ್ಲದ್ದು, ಹಿಂದೆ ಜಜ್ಜಿದ್ದು. ಎಂಜಿನ್ ಹೊಸದರ ಹಾಗಿರುತ್ತೆ."

"ಬೇರೆ ಎಂಜಿನ್ ಹಾಕಿದ್ರೆ ಅದು ಆ ಕಾರಾಗಿ ಉಳಿಯಲ್ಲ."

"ತಾತನ ಹಲ್ಲು ಪೂರ್ತಿ ಬೇರೆ ಅಲ್ವಾ? ತಾತ ತಾತ ಆಗಿ ಉಳಿದಿಲ್ವಾ?"

"ನನ್ನ ಹಲ್ಲಿನ ವಿಷಯಕ್ಕೆ ಬರಬೇಡ," ಅಂದರು ಮಾವನವರು. "ಮೊದಲು ಬಿಚ್ಚೋಣ. ಬಿಚ್ಚದೆ ಏನೂ ಹೇಳಕ್ಕಾಗಲ್ಲ."

ಬಿಚ್ಚುವುದರಲ್ಲಿ ಮಾವನವರದು ಎತ್ತಿದ ಕೈ. ಆ ಮನೆಯಲ್ಲಿ ಗೋಡೆ ಗಡಿಯಾರ, ಇಸ್ತ್ರಿ ಪೆಟ್ಟಿಗೆ, ನೀರಿನ ಪಂಪು ಎಲ್ಲವೂ ಅವರ ಕೈಯಲ್ಲಿ ಒಮ್ಮೆಯಾದರೂ ಬಿಚ್ಚಿಸಿಕೊಂಡಿದ್ದವು. ತಿರುಗಿ ಜೋಡಿಸಿದಾಗ ಎರಡು ಮೂರು ಸ್ಕ್ರೂ ಮಿಕ್ಕಿದರೆ, ಕಂಪನಿಯವರಿಗೆ ಬುದ್ಧಿಯಿಲ್ಲ, ಬೇಡದ ಕಡೆಯೆಲ್ಲ ಸ್ಕ್ರೂ ಹಾಕುತ್ತಾರೆ ಎನ್ನುತ್ತಿದ್ದರು. ಅವರ ಮಾತನ್ನು ಯಾರೂ ಎದುರಿಸಲಿಲ್ಲ. ಮೇಜು ಕುಟ್ಟಿ, ರಿಂಗ್ ಬದಲಾವಣೆ ಪಾಸಾಯಿತು. ಮಗನಿಗೆ ಮಾತು ಹಿಡಿಸಿರಲಿಲ್ಲ, ಆದರೆ ಬಿಚ್ಚುವ ಕೆಲಸ ಪುಕ್ಕಟೆ ಆಗುತ್ತಲ್ಲ ಎಂದು ಬಾಯಿ ಮುಚ್ಚಿಕೊಂಡ.

ಮೂರು ದಿನದ ಮೇಲೆ ಟೇಲರಮ್ಮನಿಗೆ ಒಂದು ಫೋನು ಬಂತು. ಬೀದಿಯ ಕೊನೆಯ ಸಭಾಂಗಣವನ್ನು ಒಂದು ವರ್ಷದಿಂದ ದುರಸ್ತಿ ಮಾಡುತ್ತಿದ್ದರು. ಅದರ ಮ್ಯಾನೇಜರಮ್ಮ ತಮ್ಮ ಮನೆಯ ಕಿಟಕಿಗೆ ಟೇಲರಮ್ಮ ಹೊಲಿದ ಪರದೆಯನ್ನು ನೋಡಿ ನೋಡಿ ಕೊನೆಗೆ ವೇದಿಕೆಯ ಪರದೆಯನ್ನೂ ಅವಳಿಗೇ ಕೊಡಲು ಒಪ್ಪಿದ್ದರು. ದಟ್ಟ ನೇರಳೆ ವೆಲ್ವೆಟ್, ಹನ್ನೊಂದು ಅಡಿ ಎತ್ತರ, ಎರಡು ಭಾಗ. ಮುಂದಿನ ತಿಂಗಳು ಐದಕ್ಕೆ ಮೊದಲ ನಾಟಕ.

"ಮೂರನೇ ತಾರೀಖಿನೊಳಗೆ ತಂದು ತೂಗುಹಾಕಬೇಕು. ಆಗಲ್ಲ ಅನ್ನೋದಾದ್ರೆ ಈಗಲೇ ಹೇಳಿಬಿಡಿ, ದೊಡ್ಡ ಅಂಗಡಿಯವರು ಕಾಯ್ತಾ ಕೂತಿದ್ದಾರೆ," ಅಂದರು ಮ್ಯಾನೇಜರಮ್ಮ.

"ಆಗುತ್ತೆ ಮೇಡಂ," ಅಂದುಬಿಟ್ಟಳು ಟೇಲರಮ್ಮ. ಇಪ್ಪತ್ತೆರಡು ವರ್ಷದಲ್ಲಿ ಅವಳು ಹೊಲಿದದ್ದೆಲ್ಲ ಮನೆಗಳ ಒಳಗೇ ಉಳಿದಿತ್ತು. ಇದು ನಾನೂರು ಜನರ ಕಣ್ಣೆದುರು ನಿಲ್ಲುವಂಥದ್ದು. ಅವಳಿಗೆ ಅದು ಬೇಕಾಗಿತ್ತು, ಎಷ್ಟು ಬೇಕಾಗಿತ್ತೆಂದರೆ ಆ ಮಧ್ಯಾಹ್ನ ಒಲೆ ಮೇಲಿಟ್ಟ ಹಾಲು ಉಕ್ಕಿ ಹರಿದದ್ದೂ ಅವಳಿಗೆ ಗೊತ್ತಾಗಲಿಲ್ಲ.

ತೊಡಕು ಜಾಗದ್ದು. ವೆಲ್ವೆಟ್ಟನ್ನು ಮಂಚದ ಮೇಲೆ ಮಡಿಸಿ ಕತ್ತರಿಸಲು ಬರುವುದಿಲ್ಲ. ಉದ್ದಕ್ಕೆ ಹರವಬೇಕು, ಎಲ್ಲ ಪಟ್ಟಿಯ ರೋಮವೂ ಒಂದೇ ಕಡೆಗೆ ಮಲಗಬೇಕು. ಒಂದು ಪಟ್ಟಿ ತಲೆಕೆಳಗಾದರೂ ದೀಪದ ಬೆಳಕಿನಲ್ಲಿ ಬೇರೆಯೇ ಬಣ್ಣವಾಗಿ ಕಾಣುತ್ತದೆ. ಮನೆಯಲ್ಲಿ ಅಷ್ಟು ನೆಲ ಇದ್ದದ್ದು ಶೆಡ್ಡಿನಲ್ಲಿ ಮಾತ್ರ. ಮಾವನವರು ಅದನ್ನು ಡಿಪೋದ ಅಳತೆಯಲ್ಲೇ, ಬೇಕಾದರೆ ಬಸ್ಸೇ ಒಳಗೆ ಬರಲಿ ಎಂಬಂತೆ ಕಟ್ಟಿಸಿದ್ದರು. ಬಸ್ಸು ಬಂದಿರಲಿಲ್ಲ.

ಆ ರಾತ್ರಿ ಊಟದಲ್ಲಿ ಅಪ್ಪ, ಮಗ ಆಯಿಲ್ಲಿನ ದಪ್ಪದ ಬಗ್ಗೆ ಜಗಳಕ್ಕೆ ಬಿದ್ದಿದ್ದಾಗ ಅವಳು ಸಾವಕಾಶವಾಗಿ ಹೇಳಿದಳು: "ಇಪ್ಪತ್ತನೇ ತಾರೀಖಿನಿಂದ ಶೆಡ್ಡು ನನಗೆ ಬೇಕು. ಖಾಲಿಯಾಗಿ, ತೊಳೆದು. ಪರದೆ ಕೆಲಸಕ್ಕೆ."

"ಆ ದಪ್ಪದ ಆಯಿಲ್ ಹಾಕಿದ್ರೆ ಚಳಿಗೆ ಎಂಜಿನ್ ಏಳೋದೇ ಇಲ್ಲ ಅಪ್ಪ."

"ನಿಂಗೇನು ಗೊತ್ತು."

ಇನ್ನೊಮ್ಮೆ ಹೇಳಿದಳು. ಯಾರೂ ಬೇಡವೆನ್ನಲಿಲ್ಲ. ಮಾವನವರು ಮಗನ ಕಡೆ ನೋಡುತ್ತಲೇ ಮೇಜು ಕುಟ್ಟಿದರು, ಕೈ ತೊಳೆದು ಬಂದು ಬರೆದರು. ಅವರ ಕೈ ಬರೆಯುತ್ತಿತ್ತು, ಬಾಯಿ ಆಯಿಲ್ಲಿನ ಮಾತೇ ಆಡುತ್ತಿತ್ತು.

ಅಲ್ಲಿಂದ ಒಂದು ವಾರ ಮನೆಯಲ್ಲಿ ಎಂಜಿನ್ನಿನದೇ ಕಾರುಬಾರು. ಮಾವನವರು ಹಳೆಯ ಖಾಕಿ ಅಂಗಿ ತೊಟ್ಟು, ಶೆಡ್ಡಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ, ಮಗನನ್ನು ಚೈನಿಗೆ ನಿಲ್ಲಿಸಿ, ಎಂಜಿನ್ನನ್ನು ಹೊರಗೆಳೆದರು. "ಎಳಿ. ಎಳಿ. ಸಾಕು ಅಂದಾಗ ನಿಲ್ಸು. ಸಾಕು ಅಂದ್ನಲ್ಲ, ಕಿವಿ ಕೇಳಲ್ವಾ." ಅಂಗಡಿಯಲ್ಲಿ ಹತ್ತು ಜನ ಸಾರ್ ಸಾರ್ ಎನ್ನುವ ಮನುಷ್ಯ ಶೆಡ್ಡಿನಲ್ಲಿ ಹತ್ತು ವರ್ಷದ ಹುಡುಗನಂತೆ ಬೈಸಿಕೊಂಡ.

ಎಂಜಿನ್ ಬಿಚ್ಚಿದ ಮೇಲೆ ಅದು ಶೆಡ್ಡಿನಲ್ಲಿ ಉಳಿಯಲಿಲ್ಲ, ಮನೆಗೂ ಹಬ್ಬಿತು. ವಾಲ್ವುಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಕೂತವು. ಪಿಸ್ಟನ್ನುಗಳು ಹಳೆಯ ಪೇಪರಿನ ಮೇಲೆ ಊಟದ ಮೇಜಿನ ಒಂದು ತುದಿಗೆ ಬಂದವು. ಒಂದು ಬೆಳಿಗ್ಗೆ ಟೇಲರಮ್ಮ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಬೋಲ್ಟುಗಳು.

"ಮಾವ, ಸಕ್ಕರೆ ಎಲ್ಲಿ?"

"ಲೋಟದಲ್ಲಿ ಹಾಕಿಟ್ಟಿದೀನಮ್ಮ. ಅದು ಕಳೆದುಹೋದ್ರೆ ಅಂಗಡೀಲಿ ಸಿಗುತ್ತೆ. ಈ ಬೋಲ್ಟ್ ಸಿಗಲ್ಲ."

ಬೋಲ್ಟಿನ ಮೇಲೆ ಅಷ್ಟು ಕಾಳಜಿಯಿದ್ದರೂ ತೀರ್ಮಾನ ಮಾತ್ರ ಮುಂದೆ ಸಾಗಲಿಲ್ಲ. ಅಥವಾ ಸಾಗಿತು; ಮೂರು ದಿಕ್ಕಿಗೆ ಸಾಗಿತು. ಹನ್ನೊಂದನೇ ತಾರೀಖು ಮಾವನವರು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದ್ದಾಗ ಮಗ ಕೆಮ್ಮಿ ಹೇಳಿದ: "ಎಂಜಿನ್ ಬ್ಲಾಕನ್ನ ಬೋರಿಂಗ್ ಮೇಸ್ತ್ರಿ ಹತ್ರ ಕಳಿಸಿ ಪೂರ್ತಿ ಮಾಡಿಸೋದು." ಮುಳ್ಳು ಗಂಟಲಿಗೆ ಸಿಕ್ಕೀತೆಂಬ ಭಯದಲ್ಲಿ ಮಾವನವರು ಮಾತಾಡಲಿಲ್ಲ, ಅಭ್ಯಾಸಬಲದಿಂದ ಮೇಜು ಮಾತ್ರ ಕುಟ್ಟಿದರು. ಹದಿಮೂರಕ್ಕೆ ತನ್ನಪ್ಪ ಫೋನಿನಲ್ಲಿ ಗಿರಾಕಿಯೊಬ್ಬರ ಮೂಗಿನ ಅಳತೆ ಕೇಳುತ್ತಿದ್ದಾಗ ಪುಟ್ಟಿ, "ಯಾರ್ಡಿಂದ ಎಂಜಿನ್ ತರಿಸ್ತೀನಿ ತಾತ, ನೋಡೋಕೆ," ಅಂದಳು. ನೋಡುವುದಕ್ಕೆ ತಾನೇ ಎಂದು ತಾತ ಅದಕ್ಕೂ ಕುಟ್ಟಿದರು. ಎರಡೂ ರೂಢಿಯಂತೆ ಪುಸ್ತಕಕ್ಕೆ ಏರಿದವು.

ಟೇಲರಮ್ಮ ಇದೆಲ್ಲ ನೋಡುತ್ತಿದ್ದಳು. ಹೇಳಬಹುದಿತ್ತು. ಆದರೆ ಅವಳ ತಲೆಯಲ್ಲಿ ಇಪ್ಪತ್ತನೇ ತಾರೀಖು ಬಿಟ್ಟು ಬೇರೇನೂ ಇರಲಿಲ್ಲ, ಮೂವರೂ ತಮ್ಮ ತಮ್ಮ ತೀರ್ಮಾನ ಮಾಡಿಕೊಂಡರೆ ಶೆಡ್ಡು ಬೇಗ ಖಾಲಿಯಾದೀತೆಂಬ ದುರಾಸೆಯೂ ಇತ್ತು. ಇದು ಅವಳ ತಪ್ಪು. ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತನಾಲ್ಕು ವರ್ಷವಾದ ಮೇಲೂ ಮಾಡಬಾರದಿದ್ದ ತಪ್ಪು.

ಹದಿನೆಂಟನೇ ತಾರೀಖು, ಶನಿವಾರ, ಬೆಳಿಗ್ಗೆ ಹತ್ತೂವರೆಗೆ ಅಂಚೆಯವ ಬಂದು ಮಾವನವರ ಹೆಸರಿಗೆ ಒಂದು ಪೊಟ್ಟಣ ಕೊಟ್ಟು ಹೋದ: ನಾಲ್ಕು ಸೆಟ್ ಪಿಸ್ಟನ್ ರಿಂಗ್. ಮಾವನವರು ಅದನ್ನು ಬಿಚ್ಚುತ್ತಿದ್ದಂತೆ ಗೇಟಿನ ಮುಂದೆ ಒಂದು ಸಣ್ಣ ಟೆಂಪೋ ನಿಂತು ಬೋರಿಂಗ್ ಮೇಸ್ತ್ರಿ ಇಳಿದ. ಅವನು ಹಿಂದೆ ಡಿಪೋದಲ್ಲಿ ಮಾವನವರ ಕೈಕೆಳಗೇ ಕೆಲಸ ಕಲಿತವನು, ಈಗ ಸ್ವಂತ ಅಂಗಡಿ ಇಟ್ಟುಕೊಂಡಿದ್ದ.

"ಗುರುಗಳೇ, ಬ್ಲಾಕ್ ತಗೊಂಡು ಹೋಗೋಣ ಅಂತ ಬಂದೆ. ಪಿಸ್ಟನ್ನಿಗೆ ಆರ್ಡರ್ ಹಾಕಲಾ?"

"ಯಾವ ಪಿಸ್ಟನ್? ಯಾರು ಕರೆದರು ನಿನ್ನ?"

ಉತ್ತರ ಬರುವ ಮೊದಲೇ ಟೆಂಪೋದ ಹಿಂದೆ ಒಂದು ಪಿಕಪ್ ಬಂದು ಹಾರ್ನ್ ಹೊಡೆಯಿತು. ಅದರ ಮೇಲೆ ಮರದ ಹಲಗೆಗೆ ಕಟ್ಟಿದ ಇಡೀ ಒಂದು ಎಂಜಿನ್. ಪುಟ್ಟಿ ಚಪ್ಪಲಿ ಕೂಡ ಹಾಕದೆ ಓಡಿ ಬಂದಳು. "ಮೆತ್ತಗೆ ಇಳಿಸಿ ಅಣ್ಣ, ಮೆತ್ತಗೆ." ಪಿಕಪ್ಪಿನ ಹಿಂದೆ ನಿಂತಿದ್ದ ಮೂರು ಚಕ್ರದ ಗಾಡಿಯಿಂದ ಬಟ್ಟೆ ಅಂಗಡಿಯ ಕೆಲಸಗಾರ ಕೂಗಿದ: "ಟೇಲರಮ್ಮನೋರ ಮನೆ ಇದೇನಾ? ವೆಲ್ವೆಟ್ ತಂದಿದೀನಿ. ಎಲ್ಲಿ ಹಾಕ್ಲಿ?"

ಎಲ್ಲಿ ಹಾಕುವುದು? ಶೆಡ್ಡಿನ ಒಳಗೆ ಎಂಜಿನ್ನಿಲ್ಲದ ಕಾರು, ಚೈನಿಗೆ ನೇತುಬಿದ್ದ ಬ್ಲಾಕ್, ಅದರ ಕೆಳಗೆ ಎಣ್ಣೆಯ ಮಡು. ಬಾಗಿಲಲ್ಲಿ ಪುಟ್ಟಿಯ ಎಂಜಿನ್. ಟೇಲರಮ್ಮ ಅಲ್ಲೇ ಜಗಲಿಯ ಮೇಲೆ ಹಳೆಯ ಹಾಸಿಗೆ ಬಟ್ಟೆ ಹರವಿ ವೆಲ್ವೆಟ್ಟಿನ ಸುರುಳಿಗಳನ್ನು ಇಳಿಸಿಕೊಂಡಳು, ಯಾರ ಕೈಯೂ ತಾಗದಿರಲೆಂದು ತಾನೇ ಅವುಗಳ ಮುಂದೆ ಕಾಲು ಚಾಚಿ ಕೂತಳು.

"ಅಪ್ಪ, ನೀವು ಪಾಸ್ ಮಾಡಿದೀರಿ," ಅಂದ ಮಗ.

"ನನ್ನದೂ ಪಾಸ್ ಮಾಡಿದೀರಿ ತಾತ."

"ನಾನು ಮಾಡಿದ್ದು ನನ್ನದು ಮಾತ್ರ. ಬೇಕಾದ್ರೆ ಪುಸ್ತಕ ತರ್ತೀನಿ."

ತಂದರು. ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದತೊಡಗಿದರು. ನಾಲ್ಕನೇ ತಾರೀಖು, ಎಂಜಿನ್ ಬಿಚ್ಚಿ ರಿಂಗ್ ಬದಲಾಯಿಸುವುದು, ಆಕ್ಷೇಪಣೆ ಇಲ್ಲ, ಪಾಸ್. ಇಲ್ಲಿಯವರೆಗೆ ದನಿ ಜೋರಾಗಿತ್ತು. ಏಳನೇ ತಾರೀಖು, ಇಪ್ಪತ್ತರಿಂದ ಶೆಡ್ಡು ಸೊಸೆಗೆ, ಖಾಲಿಯಾಗಿ, ತೊಳೆದು, ಪಾಸ್. ದನಿ ಸ್ವಲ್ಪ ತಗ್ಗಿತು. ಹನ್ನೊಂದನೇ ತಾರೀಖು, ಎಂಜಿನ್ ಪೂರ್ತಿ ಹೊಸದಾಗಿ ಮಾಡಿಸುವುದು, ಪಾಸ್. ಹದಿಮೂರಕ್ಕೆ ಬರುವಷ್ಟರಲ್ಲಿ ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಎಲ್ಲವೂ ಅವರದೇ ಕೈಬರಹ, ಎಲ್ಲದರ ಕೆಳಗೂ ಅವರದೇ ರುಜು.

ಪಿಕಪ್ಪಿನ ಡ್ರೈವರಿಗೆ ನಗು ತಡೆಯಲಾಗದೆ ಅವನು ಆ ಕಡೆ ತಿರುಗಿ ನಿಂತ. ಮೂವರೂ ಒಟ್ಟಿಗೆ ಮಾತಾಡತೊಡಗಿದರು. ಬುದ್ಧಿಯಿಲ್ಲದವರು, ಹೊಟ್ಟೆಕಿಚ್ಚಿನವರು, ಇಂಟರ್ನೆಟ್ ನೋಡಿ ಕೆಟ್ಟವರು ಎಂದೆಲ್ಲ ಒಬ್ಬರಿಗೊಬ್ಬರು ಬಿರುದು ಕೊಟ್ಟುಕೊಂಡರು. ಬೋರಿಂಗ್ ಮೇಸ್ತ್ರಿ ಅವರ ಜಗಳ ಮುಗಿಯುವವರೆಗೆ ಬೀಡಿ ಸೇದಿ, ಮುಗಿಯುವಂತೆ ಕಾಣದ್ದರಿಂದ ನಡುವೆಯೇ ಕೇಳಿದ:

"ಅದೆಲ್ಲ ಇರಲಿ. ಹೊಗೆ ಯಾವಾಗ ಬರ್ತಿತ್ತು?"

"ಯಾವಾಗ್ಲೂ," ಅಂದ ಕಾರಿನ ಯಜಮಾನ.

"ನೀವು ನೋಡಿದೀರಾ ಸಾರ್?"

"ನಾನು ಸ್ಟೇರಿಂಗ್ ಹಿಂದೆ ಇರ್ತೀನಪ್ಪ. ಹಿಂದುಗಡೆ ಹೇಗೆ ಕಾಣುತ್ತೆ?"

"ರಿಂಗ್ ಹೋದ್ರೆ ಎಕ್ಸಲೇಟರ್ ಕೊಟ್ಟಾಗಲೆಲ್ಲ ಬರುತ್ತೆ," ಅಂದರು ಮಾವನವರು.

"ಬರುತ್ತೆ ಅಲ್ಲ ಗುರುಗಳೇ. ಬರ್ತಿತ್ತಾ?"

"ನಾನು ಬಾನೆಟ್ಟಿನ ಕಡೆ ಇರ್ತಿದ್ದೆ."

ಮೇಸ್ತ್ರಿ ಪುಟ್ಟಿಯ ಕಡೆ ನೋಡಿದ. ಅವಳು ವಿಡಿಯೋದಲ್ಲಿ ನೋಡಿದ್ದಳು. ಬೇರೆ ಯಾರದೋ ಕಾರಿನದು.

"ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ," ಅಂದಳು ಟೇಲರಮ್ಮ, ಕೂತಲ್ಲಿಂದಲೇ. "ನೀಲಿ ಹೊಗೆ. ಒಂದೆರಡು ನಿಮಿಷ ಅಷ್ಟೆ. ಆಮೇಲೆ ಏನೂ ಇಲ್ಲ. ಸಂಜೆ ಇವರು ಇಳಿಜಾರು ಇಳಿದು ಬಂದು ಗೇಟಿನ ಹತ್ರ ಎಕ್ಸಲೇಟರ್ ಕೊಟ್ಟಾಗ ಇನ್ನೊಂದ್ಸಲ."

"ಏರು ಹತ್ತುವಾಗ?"

"ಇಲ್ಲ. ಮೆಟ್ಟಿಲ ಮೇಲಿಂದ ತಿರುವಿನವರೆಗೂ ಕಾಣುತ್ತೆ. ಹತ್ತುವಾಗ ಒಂದು ದಿನವೂ ಬಂದಿಲ್ಲ."

ಮೇಸ್ತ್ರಿ ಬೀಡಿ ಬಿಸಾಕಿದ. ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿಯಿಂದ ಒಂದು ವಾಲ್ವ್ ತೆಗೆದು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನೊಳಗೆ ತೂರಿಸಿ ಅಲ್ಲಾಡಿಸಿದ. ಸಡಿಲ ಹಲ್ಲಿನಂತೆ ಅದು ಆಚೆ ಈಚೆ ಓಲಾಡಿತು. ಆಮೇಲೆ ತನ್ನ ಪೆಟ್ಟಿಗೆಯಿಂದ ಅಳತೆಯ ಗೇಜು ತೆಗೆದು ಬ್ಲಾಕಿನ ನಾಲ್ಕೂ ಬೋರುಗಳಿಗೆ ಇಳಿಸಿ, ಮೇಲೆ ಒಮ್ಮೆ, ನಡುವೆ ಒಮ್ಮೆ, ಕೆಳಗೆ ಒಮ್ಮೆ ನೋಡಿದ.

"ಬೋರು ನಾಲ್ಕೂ ಗಟ್ಟಿಯಾಗಿವೆ. ಸವೆದಿದೆ, ಆದರೆ ಲಿಮಿಟ್ಟಿನ ಒಳಗೇ ಇದೆ. ಇದನ್ನ ಕೊರೆದು ಹೊಸ ಪಿಸ್ಟನ್ ಹಾಕೋದು ಸುಮ್ನೆ ದಂಡ ಸಾರ್. ತಪ್ಪು ಇರೋದು ಮೇಲೆ, ಹೆಡ್ಡಲ್ಲಿ. ವಾಲ್ವ್ ಓಡಾಡೋ ಗೈಡ್ ಸವೆದಿದೆ, ಅದರ ರಬ್ಬರ್ ಸೀಲು ಕಲ್ಲಾಗಿದೆ. ಕಾರು ನಿಂತಾಗ ಆಯಿಲ್ ಮೆಲ್ಲಗೆ ಒಳಗೆ ಇಳಿಯುತ್ತೆ, ಬೆಳಿಗ್ಗೆ ಉರಿಯುತ್ತೆ. ಅಕ್ಕ ಹೇಳಿದ್ದು ಸರಿಯಾಗಿದೆ."

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ನೀನು?" ಅಂದ ಗಂಡ.

"ಎಂಟು ತಿಂಗಳಿಂದ ಇದನ್ನೇ ಹೇಳ್ತಿದೀನಿ. ನೀವು ಬಟ್ಟೆ ಆ ಕಡೆ ಹಾಕು ಅಂದ್ರಿ."

ಮಾವನವರು ರಿಂಗಿನ ಪೊಟ್ಟಣವನ್ನು ಅಂಗಿಯ ಜೇಬಿಗೆ ಇಳಿಸಲು ನೋಡಿದರು. ಜೇಬಿಗೆ ಅದು ಹಿಡಿಸಲಿಲ್ಲ.

"ಹಾಗಾದ್ರೆ ನನ್ನ ಎಂಜಿನ್?" ಅಂದಳು ಪುಟ್ಟಿ. "ಅದು ಹೊಸದರ ಹಾಗಿದೆ. ಅದನ್ನ ಕೂರಿಸಿದ್ರೆ ಈ ತಾಪತ್ರಯವೇ ಇಲ್ಲ."

ಟೇಲರಮ್ಮ ಎದ್ದು ಕೊರಳಲ್ಲಿದ್ದ ಟೇಪು ತೆಗೆದಳು. ಕಾರಿನ ಬಾನೆಟ್ಟಿನೊಳಗೆ ಬಗ್ಗಿ ಆ ಕಡೆಯಿಂದ ಈ ಕಡೆಗೆ ಅಳೆದಳು, ಬಾಗಿಲಿಗೆ ಬಂದು ಹಲಗೆಯ ಮೇಲಿನ ಎಂಜಿನ್ನನ್ನು ಅಳೆದಳು. "ಇಪ್ಪತ್ತಾರು ಇಂಚಿನ ಜಾಗ. ಇದು ಮೂವತ್ತೊಂದು. ಒಳಗೆ ಹಿಡಿಯೋ ಜಾಗ ಯಾವುದು ಪುಟ್ಟಿ, ನಿಮ್ಮಪ್ಪನ ಮಡಿಲಾ?"

ಅವಳ ಮಗಳು ದಿನಕ್ಕೆ ನಲವತ್ತು ಕಾರಿನ ಲೆಕ್ಕ ಹಾಕುವವಳು, ಒಂದನ್ನೂ ಅಳೆದವಳಲ್ಲ. ಮುಖ ಸಣ್ಣದು ಮಾಡಿಕೊಂಡು ಪಿಕಪ್ಪಿನವನಿಗೆ, ಅಣ್ಣ, ವಾಪಸ್ ತಗೋತಾರಾ ಎಂದು ಕೇಳಿದಳು. ವಾಪಸು ಬಾಡಿಗೆ ಬೇರೆ ಕೊಟ್ಟರೆ ತಗೋತಾರೆ ಎಂದು ಅವನು ಅದನ್ನು ಮತ್ತೆ ಪಿಕಪ್ಪಿಗೆ ಹೇರಿದ.

ತೀರ್ಮಾನ ಅಲ್ಲೇ, ಶೆಡ್ಡಿನ ಬಾಗಿಲಲ್ಲಿ, ಯಾರ ಬಾಯಲ್ಲೂ ತುತ್ತಿಲ್ಲದಿರುವಾಗಲೇ ಆಯಿತು. ಹೆಡ್ಡಿಗೆ ಹೊಸ ಗೈಡು, ಹೊಸ ಸೀಲು. ಹೇಗೂ ಬಿಚ್ಚಿದ್ದಾಗಿದೆ, ಹೇಗೂ ತರಿಸಿದ್ದಾಗಿದೆ ಎಂದು ಮಾವನವರ ರಿಂಗೂ. ಅದನ್ನು ಮೇಸ್ತ್ರಿ ಗುರುಗಳ ಮುಖ ನೋಡಿ ಸೇರಿಸಿದ ಎಂಬುದು ಎಲ್ಲರಿಗೂ ತಿಳಿಯಿತು, ಗುರುಗಳಿಗೂ ತಿಳಿಯಿತು. ಬ್ಲಾಕು, ಹೆಡ್ಡು, ಬಿಸ್ಕತ್ತಿನ ಡಬ್ಬಿ, ಬೋಲ್ಟು ಎಲ್ಲವೂ ಟೆಂಪೋ ಹತ್ತಿದವು.

"ಮುಗಿದ ಕೂಡ್ಲೆ ತಂದುಬಿಡ್ಲಾ?" ಅಂದ ಮೇಸ್ತ್ರಿ.

"ಮೂರನೇ ತಾರೀಖಿನ ತನಕ ನಿಮ್ಮ ಅಂಗಡೀಲೇ ಇರಲಿ," ಅಂದಳು ಟೇಲರಮ್ಮ. ಗಂಡ ಏನೋ ಹೇಳಲು ಹೊರಟ. ಅವಳು ಅವನ ಕಡೆ ನೋಡಿದಳು. ಅವನು ಕಾರಿನ ಹಿಂದೆ ಹೋಗಿ ಅದನ್ನು ಶೆಡ್ಡಿನಿಂದ ಹೊರಗೆ ತಳ್ಳಲು ನಿಂತ.

ಶೆಡ್ಡಿನ ನೆಲ ಒಂದೇ ಸಲಕ್ಕೆ ಶುಚಿಯಾಗಲಿಲ್ಲ. ಮೊದಲು ಮರದ ಹೊಟ್ಟು, ಆಮೇಲೆ ಸೋಪಿನ ಪುಡಿ, ಆಮೇಲೆ ಬಿಸಿ ನೀರು. ಭಾನುವಾರವೆಲ್ಲ ಅಪ್ಪ, ಮಗಳು ಮೊಣಕಾಲೂರಿ ಉಜ್ಜಿದರು. ಟೇ‌ಲರಮ್ಮ ಬಿಳಿ ಬಟ್ಟೆಯ ಚೂರು ನೆಲಕ್ಕೆ ಒತ್ತಿ ಎತ್ತಿ ನೋಡುವಳು, ಕಪ್ಪು ಕಂಡರೆ ಏನೂ ಹೇಳದೆ ಎದುರು ಹಿಡಿಯುವಳು. ನಾಲ್ಕನೇ ಸಲಕ್ಕೆ ಬಟ್ಟೆ ಬಿಳಿಯಾಗಿ ಉಳಿಯಿತು.

ಮಾವನವರು ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದರು. ಊಟದಲ್ಲಿ ಮೇಜು ಕುಟ್ಟಲಿಲ್ಲ. ಮೂವತ್ತೆಂಟು ವರ್ಷ ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದವರು, ತಾವೇ ಕೆಲಸ ಕಲಿಸಿದ ಹುಡುಗನ ಮುಂದೆ ತಪ್ಪಿದ್ದರು. ಅದು ಅವರಿಗೆ ನೋವಾಗಿತ್ತು. ಅದನ್ನು ಹೇಳಿಕೊಳ್ಳಲು ಬಾರದೆ ಸಾರಿನಲ್ಲಿ ಉಪ್ಪಿಲ್ಲ ಎಂದು ಎರಡು ಸಲ ಹೇಳಿದರು. ಉಪ್ಪು ಸರಿಯಾಗಿತ್ತು.

ಪರದೆಯ ಮೊದಲ ಭಾಗ ಇಪ್ಪತ್ತಾರಕ್ಕೆ ಹೊಲಿಗೆಯಾಯಿತು. ಈಗ ಹೊಸ ಕಷ್ಟ. ವೆಲ್ವೆಟ್ ಭಾರದ ಬಟ್ಟೆ, ತೂಗಿದ ಮೇಲೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಎರಡು ದಿನ ತೂಗಿಸಿ, ಇಳಿಯುವಷ್ಟು ಇಳಿಸಿ, ಆಮೇಲೆ ಕೆಳಗಿನ ಅಂಚು ಮಡಿಸಬೇಕು. ಇಲ್ಲದಿದ್ದರೆ ವೇದಿಕೆಯ ಮೇಲೆ ಒಂದು ಕಡೆ ನೆಲ ಗುಡಿಸಿ ಇನ್ನೊಂದು ಕಡೆ ಕಾಲು ತೋರಿಸುತ್ತದೆ. ಹನ್ನೊಂದು ಅಡಿಯ ಬಟ್ಟೆಯನ್ನು ಎತ್ತಿ ತೂಗಿಸುವುದು ಹೇಗೆ ಎಂದು ಅವಳು ಏಣಿ ಹಿಡಿದು ತಲೆ ಕೆಡಿಸಿಕೊಂಡು ನಿಂತಿದ್ದಾಗ ಮಾವನವರು ಶೆಡ್ಡಿನ ಬಾಗಿಲಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟಿದ್ದರು.

"ಎಷ್ಟು ತೂಕ?" ಅಂದರು.

"ಮೂವತ್ತು ಕೆಜಿ ಮೇಲಿದೆ ಮಾವ."

ಅವರು ತೊಲೆ ನೋಡಿದರು, ಚೈನ್ ಪುಲ್ಲಿ ನೋಡಿದರು. "ಪೈಪು ಪೋಣಿಸಮ್ಮ. ಎರಡು ಕಡೆ ಹಗ್ಗ ಕಟ್ಟಿ ನಡುವೆ ಕೊಕ್ಕೆ. ನಾನು ಎತ್ತಿಕೊಡ್ತೀನಿ." ಆಮೇಲೆ ಸ್ವಲ್ಪ ತಡೆದು, "ಚೈನಿಗೆ ಎಣ್ಣೆ ಇದೆ. ಮೊದಲು ಒರೆಸ್ತೀನಿ," ಅಂದರು.

ಅರ್ಧ ದಿನ ಕೂತು ಚೈನಿನ ಕೊಂಡಿ ಕೊಂಡಿಯನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅದರ ಮೇಲೆ ಅವಳದೇ ಬಿಳಿ ಬಟ್ಟೆ ಎಳೆದು ತೋರಿಸಿದರು. ಸಂಜೆ ಪರದೆ ಮೇಲೆದ್ದಿತು. ಮಾವನವರು ಚೈನನ್ನು ಗೇಣು ಗೇಣಾಗಿ ಎಳೆದರು, ಟೇಲರಮ್ಮ ಸಾಕು ಅಂದಾಗ ನಿಲ್ಲಿಸಿದರು, ಒಂದು ಸಲವೂ ಎದುರು ಹೇಳಲಿಲ್ಲ. ನೇರಳೆ ಬಟ್ಟೆ ನೆರಿಗೆ ಬಿಚ್ಚುತ್ತ ಅವರ ತಲೆಗಿಂತ ಎತ್ತರಕ್ಕೆ ಹೋಯಿತು. ಆಗ ಅವರು, "ಈ ಕೆಲಸ ನೀನು ಇಷ್ಟು ವರ್ಷ ಆ ಕಿಟಕಿ ಪಕ್ಕದಲ್ಲಿ ಮಾಡ್ತಿದ್ದೆಯಾ?" ಎಂದು ಕೇಳಿದರು. "ಹೂಂ ಮಾವ," ಅಂದಳು.

ಎರಡನೇ ತಾರೀಖು ಸಂಜೆಯೇ ಪರದೆ ಸಭಾಂಗಣ ಸೇರಿತು. ಮೂರಕ್ಕೆ ಎಂಜಿನ್ ಮನೆಗೆ ಬಂತು, ಮೇಸ್ತ್ರಿ ಮತ್ತು ಮಾವನವರು ಸೇರಿ ಎರಡು ದಿನದಲ್ಲಿ ಕೂರಿಸಿದರು. ಈ ಸಲ ಒಂದು ಬೋಲ್ಟೂ ಮಿಗಲಿಲ್ಲ. ಐದರ ಮಧ್ಯಾಹ್ನ ಮೇಸ್ತ್ರಿ ಸ್ಟಾರ್ಟ್ ಮಾಡುವಾಗ ಮಾವನವರು, ಮಗ, ಮೊಮ್ಮಗಳು ಮೂವರೂ ಕಾರಿನ ಹಿಂದೆ ನಿಂತಿದ್ದರು. ಬಾನೆಟ್ಟಿನ ಕಡೆ ಯಾರೂ ಇರಲಿಲ್ಲ. ಹೊಗೆಯ ಒಂದೆಳೆಯೂ ಬರಲಿಲ್ಲ.

ಸಂಜೆ ಗಂಡ ಹೆಂಡತಿ ಕಾರಿನಲ್ಲಿ ಸಭಾಂಗಣಕ್ಕೆ ಹೋದರು. ಎರಡೇ ಸೀಟಾದ್ದರಿಂದ ತಾತ, ಮೊಮ್ಮಗಳು ನಡೆದು ಹೋಗಿ ಅವರಿಗಿಂತ ಮೊದಲೇ ತಲುಪಿದರು. ನಾಲ್ವರಿಗೂ ಐದನೇ ಸಾಲಿನಲ್ಲಿ ಜಾಗ. ದೀಪ ಆರಿತು, ಪರದೆ ಎರಡು ಕಡೆಗೆ ಸರಿಯಿತು, ನಾಟಕ ಶುರುವಾಯಿತು.

"ಮುಗೀತಾ? ಇನ್ನು ಮುಚ್ಚೋದು ಯಾವಾಗ?" ಅಂದರು ಮಾವನವರು, ಡಿಪೋದ ದನಿಯಲ್ಲಿ.

"ಮಧ್ಯಂತರಕ್ಕೆ ತಾತ. ಸುಮ್ನಿರಿ."

"ಅಲ್ಲೀತನಕ ಇವರ ಮಾತು ಕೇಳಬೇಕಾ?"

ಕೇಳಿದರು. ನಾಟಕದಲ್ಲಿ ಯಾರೋ ಯಾರನ್ನೋ ಬಿಟ್ಟು ಹೋದರು, ಯಾರೋ ಅತ್ತರು. ಅಂತೂ ಮಧ್ಯಂತರವಾಗಿ ಪರದೆ ಮುಚ್ಚಿತು, ಜನರೆಲ್ಲ ಚಹಾಕ್ಕೆ ಎದ್ದು ಹೋದರು. ಐದನೇ ಸಾಲಿನ ನಾಲ್ವರು ಮಾತ್ರ ಕೂತೇ ಇದ್ದರು. ಮುಚ್ಚಿದ ಪರದೆಯನ್ನು ಬಿಟ್ಟರೆ ಎದುರಿಗೆ ನೋಡಲು ಏನೂ ಇರಲಿಲ್ಲ, ಅವರಿಗೆ ಬೇರೇನೂ ಬೇಕಾಗಿಯೂ ಇರಲಿಲ್ಲ.

ಗಂಡ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಕೆಳಗೆ ಎಷ್ಟು ಬಿಟ್ಟಿದೀಯ, ನೆಲಕ್ಕೂ ಅಂಚಿಗೂ?"

"ಅರ್ಧ ಇಂಚು."

"ಆ ತುದಿಯಿಂದ ಈ ತುದಿವರೆಗೂ ಅಷ್ಟೇನಾ?"

"ಅಷ್ಟೇ."

ಅವನು ಆ ತುದಿಯಿಂದ ಈ ತುದಿವರೆಗೂ ನೋಡಿದ. ತುಂಬಾ ಹೊತ್ತು ನೋಡಿದ. ಅವಳು ಇದೇ ಸಮಯವೆಂದು ಹೇಳಿದಳು: "ಮ್ಯಾನೇಜರಮ್ಮ ಪಕ್ಕದ ಶಾಲೆಯವರಿಗೆ ನನ್ನ ನಂಬರ್ ಕೊಟ್ಟಿದ್ದಾರೆ. ಅವರದು ಹದಿನಾರು ಅಡಿ ಅಗಲದ ವೇದಿಕೆ. ನಾಳೆಯಿಂದ ಶೆಡ್ಡು ಮತ್ತೆ ಬೇಕಾಗುತ್ತೆ. ಆಮೇಲೂ ಬೇಕಾಗಬಹುದು."

ಪುಟ್ಟಿ ಅಪ್ಪನ ಮುಖ ನೋಡಿದಳು. ಎಂಟು ತಿಂಗಳು ಮುದ್ದು ಮಾಡಿ, ಒಂದು ತಿಂಗಳು ಅದಕ್ಕಾಗಿ ಜಗಳವಾಡಿ, ಇವತ್ತು ಮಧ್ಯಾಹ್ನವಷ್ಟೇ ಗುಣವಾದ ಕೆಂಪು ಕಾರು ಹೊರಗೆ ಗೇಟಿನ ಪಕ್ಕ ನಿಂತಿತ್ತು.

"ಕಾರು ಹೊರಗೆ ನಿಂತ್ರೆ ಏನಾಗುತ್ತೆ," ಅಂದ ಅವನು, ಪರದೆಯಿಂದ ಕಣ್ಣು ತೆಗೆಯದೆ. "ತುಕ್ಕು ಹಿಡಿಯುತ್ತೆ, ಅಷ್ಟೇ ತಾನೇ."